ಮೋಟಾರಿನ ಆಯುಷ್ಯವನ್ನು ಅಳೆಯುವ ಬಗೆ

ಒಂದು ಯಂತ್ರವು ಚೆನ್ನಾಗಿ ನಡೆಯುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಅರ್ಧ ಗಳಿಗೆ ಸಾಕು. ಆದರೆ ಅದು ಎಷ್ಟು ಕಾಲ ಚೆನ್ನಾಗಿ ನಡೆದೀತು ಎಂಬುದನ್ನು ತಿಳಿಯಬೇಕಾದರೆ ಅಷ್ಟು ಕಾಲವೂ ಕಾದಿರಬೇಕಲ್ಲವೆ? ಹತ್ತು ವರ್ಷ ಬಾಳುವ ಮೋಟಾರೆಂದು ಹೇಳಿ ಮಾರುವವನು ಹತ್ತು ವರ್ಷ ಅದನ್ನು ನಡೆಸಿ ನೋಡಿದ ಮೇಲೆಯೇ ಮಾರುತ್ತಾನೆಯೆ? ಹಾಗೆ ಮಾಡಿದರೆ ಆ ಮೋಟಾರು ಅಂಗಡಿಗೆ ಬರುವ ವೇಳೆಗೆ, ಅದನ್ನು ಕೂಡಿಸಬೇಕಾದ ವಾಹನದ ತಯಾರಿಕೆಯೇ ನಿಂತುಹೋಗಿರುತ್ತದೆ. ಹಾಗೆಂದು ಏನನ್ನೂ ನೋಡದೆ ಮಾರಿದರೆ ಕೊಂಡವನೇ ಪರೀಕ್ಷಕನಾಗುತ್ತಾನೆ, ಅವನು ಓಡಾಡುವ ರಸ್ತೆಯೇ ಪ್ರಯೋಗಶಾಲೆಯಾಗುತ್ತದೆ. ಈ ಎರಡು ಸಂಕಟಗಳ ನಡುವೆ ಇಂಜಿನಿಯರರು ಕಂಡುಕೊಂಡಿರುವ ದಾರಿಗೆ ‘ತ್ವರಿತ ಬಾಳಿಕೆ ಪರೀಕ್ಷೆ’ ಎನ್ನಬಹುದು. ಅನೇಕ ವರ್ಷಗಳ ಬಳಕೆಯನ್ನು ಕೆಲವೇ ವಾರಗಳಲ್ಲಿ ಅಡಕಮಾಡಿ, ಯಂತ್ರವು ಯಾವಾಗ, ಯಾವ ಕಾರಣದಿಂದ ಕೆಡುವುದೆಂಬುದನ್ನು ಮುಂಚಿತವಾಗಿ ತಿಳಿಯುವ ವಿದ್ಯೆಯಿದು. ಇದರ ತತ್ತ್ವವೇನು, ಇದರಲ್ಲಿ ಮೋಸಹೋಗುವ ಸಂಭವವೆಲ್ಲಿದೆ ಎಂಬುದನ್ನು ನಾವು ದಿನವೂ ಕಾಣುವ ವಾಹನಗಳ ಸಣ್ಣ ವಿದ್ಯುತ್ ಮೋಟಾರುಗಳ ಉದಾಹರಣೆಯಿಂದ ವಿಚಾರಿಸೋಣ.

ಮೋಟಾರು ಎಂದೊಡನೆ ಮುಂಬಯಿಯ ಮಕ್ಕಳಾದ ನಿಮಗೆ ಲೋಕಲ್ ರೈಲನ್ನು ಎಳೆಯುವ ಭಾರಿ ಮೋಟಾರುಗಳು ನೆನಪಾಗಬಹುದು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ನಮ್ಮ ದೇಶದ ಮೊತ್ತಮೊದಲ ವಿದ್ಯುತ್ ರೈಲು ಓಡಿತು. ಅಂದಿನಿಂದ ಅಂಥ ಮೋಟಾರುಗಳು ಈ ನಗರದ ಸೇವೆಯಲ್ಲಿವೆ. ಅವುಗಳನ್ನು ನೋಡಿಕೊಳ್ಳುವುದಕ್ಕೆ ಕಾರ್ಖಾನೆಗಳುಂಟು, ನುರಿತ ಕೆಲಸಗಾರರುಂಟು. ಆದರೆ ರಿಕ್ಷಾ, ಕಾರು, ಬಸ್ಸು, ಸ್ಕೂಟರುಗಳಲ್ಲಿ ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ಮೋಟಾರುಗಳು ಅಡಗಿ ಕುಳಿತಿರುತ್ತವೆ. ಇಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟಾರು, ಮುಂಗಾಜಿನ ಮೇಲಣ ಮಳೆನೀರನ್ನು ಒರಸುವ ವೈಪರ್ ಮೋಟಾರು, ಇಂಜಿನ್ನಿನ ಬಿಸಿಯನ್ನು ಕಳೆಯುವ ಫ್ಯಾನಿನ ಮೋಟಾರು, ಕಿಟಕಿಯ ಗಾಜನ್ನು ಏರಿಸಿಳಿಸುವ ಮೋಟಾರು, ಇಂಧನವನ್ನು ನೂಕುವ ಪಂಪಿನ ಮೋಟಾರು: ಹೀಗೆ ಒಂದೊಂದೂ ತನ್ನ ಪಾಲಿನ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುತ್ತದೆ. ಅದು ಕೆಡುವ ತನಕ ಯಾರೂ ಅದರ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ.

ಕೆಟ್ಟಾಗ ಏನಾಗುತ್ತದೆ? ಜುಲೈ ತಿಂಗಳ ಒಂದು ಸಂಜೆಯನ್ನು ಊಹಿಸಿಕೊಳ್ಳಿರಿ. ಜೋಗೇಶ್ವರಿಯಿಂದ ಗೋರೆಗಾಂವಿನ ಕಡೆಗೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ರಿಕ್ಷಾವೊಂದು ಹೋಗುತ್ತಿದೆ. ಮಳೆ ಕುಂಭದ್ರೋಣವಾಗಿ ಸುರಿಯುತ್ತಿದೆ. ಬಲಕ್ಕೆ ಲಾರಿ, ಎಡಕ್ಕೆ ಬಸ್ಸು. ಆ ಕ್ಷಣದಲ್ಲಿ ವೈಪರ್ ನಿಂತುಹೋದರೆ ಚಾಲಕನ ಕಣ್ಣಿಗೆ ಕಾಣುವುದು ನೀರು ಮತ್ತು ಬೆಳಕಿನ ಕಲೆಗಳು ಮಾತ್ರ. ಹಿಂದಿನ ಆಸನದಲ್ಲಿ ಶಾಲೆಯಿಂದ ಮನೆಗೆ ಮರಳುವ ಮಕ್ಕಳಿರಬಹುದು. ಹಳೆಯ ರಿಕ್ಷಾಗಳಲ್ಲಿ ವೈಪರನ್ನು ಚಾಲಕನೇ ಒಂದು ಕೈಯಿಂದ ಆಡಿಸಬೇಕಾಗಿತ್ತು. ಆ ಕೈಗೆ ಬಿಡುವು ಕೊಟ್ಟದ್ದು ಈ ಸಣ್ಣ ಮೋಟಾರು. ಆದುದರಿಂದ ಮೋಟಾರಿನ ಬಾಳಿಕೆಯ ಪ್ರಶ್ನೆಯು ಕೇವಲ ಲಾಭನಷ್ಟದ ಪ್ರಶ್ನೆಯಲ್ಲ, ಅದು ಜೀವದ ಪ್ರಶ್ನೆಯೂ ಹೌದು. ನಿಮ್ಮಲ್ಲಿ ಕೆಲವರ ತಂದೆಯಂದಿರು ವಾಹನ ನಡೆಸಿಯೇ ಸಂಸಾರ ಸಾಗಿಸುವವರು. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಬಾಳಿಕೆಯನ್ನು ಅಳೆಯುವ ಮೊದಲು ಮೋಟಾರಿನ ಯಾವ ಅಂಗ ಹೇಗೆ ಸವೆಯುತ್ತದೆಂಬುದನ್ನು ಅರಿಯಬೇಕು. ಸಾಮಾನ್ಯವಾದ ಸಣ್ಣ ಮೋಟಾರಿನ ತಿರುಗುವ ಭಾಗದಲ್ಲಿ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಒಂದು ಸುತ್ತು ಇನ್ನೊಂದನ್ನು ತಾಕಿದರೂ ವಿದ್ಯುತ್ತು ಅಡ್ಡಹಾಯದಂತೆ ತಂತಿಯ ಮೇಲೆ ತೆಳುವಾದ ಲೇಪವಿರುತ್ತದೆ. ಬಿಸಿಯಿಂದ ಈ ಲೇಪ ಕಾಲಕ್ರಮದಲ್ಲಿ ಒಣಗಿ, ಬಿರಿದು, ಉದುರುತ್ತದೆ. ತಿರುಗುವ ಸುರುಳಿಗೆ ವಿದ್ಯುತ್ತನ್ನು ಮುಟ್ಟಿಸುವುದು ಕಾರ್ಬನ್ ಬ್ರಷ್ಷುಗಳ ಕೆಲಸ. ಅವು ಕಾಮ್ಯುಟೇಟರ್ ಎಂಬ ತಾಮ್ರದ ಉರುಳೆಗೆ ಒತ್ತಿಕೊಂಡು ಉಜ್ಜುತ್ತಿರುವುದರಿಂದ, ಕರಿಹಲಗೆಯ ಮೇಲಣ ಸೀಮೆಸುಣ್ಣದಂತೆ ದಿನದಿನವೂ ಸವೆದು ಗಿಡ್ಡವಾಗುತ್ತವೆ. ಅಚ್ಚು ತಿರುಗುವ ಬೇರಿಂಗುಗಳು ಭಾರದಿಂದಲೂ ಧೂಳಿನಿಂದಲೂ ಸವೆಯುತ್ತವೆ. ನೀರನ್ನು ತಡೆಯುವ ರಬ್ಬರಿನ ಸೀಲುಗಳು ಗಡುಸಾಗುತ್ತವೆ, ಒಳಗಿನ ಗ್ರೀಸು ಗಟ್ಟಿಯಾಗುತ್ತದೆ. ಹೀಗೆ ಮೋಟಾರು ಒಂದೇ ಆದರೂ ಅದಕ್ಕೆ ಬರುವ ಮುಪ್ಪು ನಾಲ್ಕಾರು ಬಗೆಯದು. ಒಂದೊಂದು ಬಗೆಯ ಮುಪ್ಪಿಗೂ ಒಂದೊಂದು ಕಾರಣ, ಒಂದೊಂದು ವೇಗ.

ಕಾಲವನ್ನು ಕುಗ್ಗಿಸುವ ಮೊದಲನೆಯ ಉಪಾಯವು ಬಹು ಸರಳ: ವಿರಾಮವನ್ನು ತೆಗೆದುಹಾಕುವುದು. ಒಂದು ವೈಪರು 15 ಲಕ್ಷ ಸಲ ಗಾಜನ್ನು ಒರಸಬೇಕೆಂದು ಇಟ್ಟುಕೊಳ್ಳೋಣ. ನಿಮಿಷಕ್ಕೆ 45 ಸಲ ಒರಸಿದರೆ ಅದಕ್ಕೆ ಸುಮಾರು 555 ಗಂಟೆ ಬೇಕು. ವರ್ಷಕ್ಕೆ 100 ಮಳೆಯ ದಿನಗಳು, ದಿನಕ್ಕೆ ಒಂದೂವರೆ ಗಂಟೆಯ ಬಳಕೆ ಎಂದರೆ ವರ್ಷಕ್ಕೆ 150 ಗಂಟೆಯಾಯಿತು. ಆ ಲೆಕ್ಕದಲ್ಲಿ 15 ಲಕ್ಷ ಮುಗಿಯಲು ಸುಮಾರು ಮೂರು ವರ್ಷ ಎಂಟು ತಿಂಗಳಾಗುತ್ತದೆ. ಆದರೆ ಪ್ರಯೋಗಶಾಲೆಯಲ್ಲಿ ಗಾಜಿನ ಮೇಲೆ ನೀರು ಚಿಮುಕಿಸುತ್ತ ಹಗಲೂ ರಾತ್ರಿಯೂ ನಡೆಸಿದರೆ 23 ದಿನ ಸಾಕು. ಇಲ್ಲಿ ಮೋಟಾರಿಗೆ ಹೆಚ್ಚಿನ ಹೊರೆಯನ್ನೇನೂ ಹೊರಿಸಲಿಲ್ಲ. ಅದು ಸುಮ್ಮನೆ ಕುಳಿತಿರುತ್ತಿದ್ದ ಕಾಲವನ್ನು ಮಾತ್ರ ಕಳೆದೆವು.

ಆದರೆ ಎಲ್ಲ ಮೋಟಾರುಗಳಿಗೂ ಇದು ಸಲ್ಲುವುದಿಲ್ಲ. ಸ್ಟಾರ್ಟರ್ ಮೋಟಾರನ್ನೇ ನೋಡಿರಿ. ಹಿಂದೆ ಕಾರಿನ ಇಂಜಿನ್ನನ್ನು ಕೈಹಿಡಿಕೆಯಿಂದ ತಿರುಗಿಸಿ ಎಬ್ಬಿಸುತ್ತಿದ್ದರು. ಅದು ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಈ ಕಷ್ಟವನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬವರು ನೀಗಿಸಿದರು. ಅವರ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ಇಂಜಿನ್ನನ್ನು ತಿರುಗಿಸುವಷ್ಟು ಬಲದ ಮೋಟಾರೆಂದರೆ ಬಹಳ ದೊಡ್ಡದಾಗಬೇಕೆಂಬುದು ಸಾಮಾನ್ಯ ಎಣಿಕೆ. ಆದರೆ ಈ ಮೋಟಾರು ದುಡಿಯಬೇಕಾದುದು ಒಂದೆರಡು ಕ್ಷಣ ಮಾತ್ರ. ಆದಕಾರಣ ಚಿಕ್ಕ ಮೋಟಾರಿನಿಂದಲೇ ಒಂದು ಗಳಿಗೆಯ ಮಟ್ಟಿಗೆ ದೊಡ್ಡ ಬಲವನ್ನು ಪಡೆಯಬಹುದು. ಇಂಥ ಮೋಟಾರನ್ನು ಬಿಡುವಿಲ್ಲದೆ ನಡೆಸಿದರೆ ಅದು ಮುಪ್ಪಿನಿಂದ ಸಾಯುವುದಿಲ್ಲ, ಸುಟ್ಟು ಸಾಯುತ್ತದೆ. ಅದರ ನಿಜವಾದ ಬಾಳಿನಲ್ಲಿ ವಿರಾಮವೂ ಒಂದು ಅಂಗ.

ಆದುದರಿಂದ ಇಲ್ಲಿ ಗಂಟೆಗಳನ್ನು ಎಣಿಸದೆ, ಎಷ್ಟು ಸಲ ಎಬ್ಬಿಸಿತು ಎಂಬುದನ್ನು ಎಣಿಸಬೇಕು. ದಿನಕ್ಕೆ ನಾಲ್ಕು ಸಲ ಹೊರಡುವ ಮನೆಯ ಕಾರು ವರ್ಷಕ್ಕೆ 1,460 ಸಲ ಸ್ಟಾರ್ಟರನ್ನು ಬಳಸುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಇಂಧನ ಉಳಿಸಲು ಇಂಜಿನ್ ಆರಿಸುವ ರಿಕ್ಷಾದವನು ದಿನಕ್ಕೆ 60 ಸಲದಂತೆ 300 ದಿನಗಳಲ್ಲಿ 18,000 ಸಲ ಬಳಸುತ್ತಾನೆ. ಮನೆಯ ಕಾರಿನ ಹನ್ನೆರಡು ವರ್ಷ ರಿಕ್ಷಾದ ಒಂದೇ ವರ್ಷಕ್ಕೆ ಸಮನಾಯಿತು! ಪರೀಕ್ಷೆಯಲ್ಲಿ ಅರ್ಧ ನಿಮಿಷಕ್ಕೊಮ್ಮೆ ಎಬ್ಬಿಸಿ, ನಡುವೆ ಗಾಳಿ ಬೀಸಿ ಆರಿಸಿದರೆ ದಿನಕ್ಕೆ 2,880 ಸಲದಂತೆ ಆ 18,000 ಸಲವು ಆರೂಕಾಲು ದಿನದಲ್ಲಿ ಮುಗಿಯುತ್ತದೆ. ಒಂದೇ ಮೋಟಾರಿಗೆ ಇಬ್ಬರು ಯಜಮಾನರು ಕೊಡುವ ಆಯುಷ್ಯ ಬೇರೆಬೇರೆಯೆಂಬುದನ್ನೂ ಈ ಲೆಕ್ಕ ತಿಳಿಸುತ್ತದೆ. ಯಾರ ಬಳಕೆಗಾಗಿ ಪರೀಕ್ಷಿಸುತ್ತೇವೆಂಬುದನ್ನು ಮೊದಲೇ ನಿಶ್ಚಯಿಸದ ಪರೀಕ್ಷೆಗೆ ಬೆಲೆಯಿಲ್ಲ.

ಎರಡನೆಯ ಉಪಾಯವು ಹೊರೆಯನ್ನು ಹೆಚ್ಚಿಸುವುದು. ಇದರ ಬುಡದಲ್ಲಿ ನಮ್ಮ ಅಡಿಗೆಮನೆಗೆ ಪರಿಚಿತವಾದ ಒಂದು ಸತ್ಯವಿದೆ. ಚಳಿಗಾಲದಲ್ಲಿ ನಿಧಾನವಾಗಿ ಹುಳಿಯುವ ದೋಸೆಯ ಹಿಟ್ಟು ಬೇಸಗೆಯಲ್ಲಿ ಬೇಗನೆ ಹುಳಿಯುತ್ತದೆ. ರಾಸಾಯನಿಕ ಕ್ರಿಯೆಗಳ ವೇಗವು ಉಷ್ಣತೆಯೊಡನೆ ಹೇಗೆ ಏರುತ್ತದೆಂಬುದನ್ನು ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರ್ರೇನಿಯಸ್ ಅವರು 1889ರಲ್ಲಿ ಒಂದು ಸೂತ್ರದಿಂದ ವಿವರಿಸಿದರು. ತಂತಿಯ ಲೇಪವು ಮುದಿಯಾಗುವುದೂ ಒಂದು ರಾಸಾಯನಿಕ ಕ್ರಿಯೆಯೇ. 1930ರಲ್ಲಿ ಅಮೆರಿಕದ ಇಂಜಿನಿಯರ್ ಮಾಂಟ್ಸಿಂಗರ್ ಅವರು ಟ್ರಾನ್ಸ್‌ಫಾರ್ಮರುಗಳನ್ನು ಕುರಿತು ಬರೆಯುತ್ತ, ಉಷ್ಣತೆ ಕೆಲವೇ ಡಿಗ್ರಿ ಏರಿದರೆ ಅವಾಹಕ ಪದಾರ್ಥದ ಆಯುಷ್ಯ ಅರ್ಧಕ್ಕಿಳಿಯುವುದೆಂದು ತೋರಿಸಿದರು. ಇಂಜಿನಿಯರರು ಸ್ಥೂಲವಾಗಿ ‘10 ಡಿಗ್ರಿಗೆ ಅರ್ಧ’ ಎಂದು ಲೆಕ್ಕ ಹಿಡಿಯುತ್ತಾರೆ. 130 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 20,000 ಗಂಟೆ ಬಾಳುವ ಲೇಪವು 140ರಲ್ಲಿ 10,000, 150ರಲ್ಲಿ 5,000, 160ರಲ್ಲಿ 2,500, 170ರಲ್ಲಿ 1,250 ಗಂಟೆ ಬಾಳುತ್ತದೆ. 20,000 ಗಂಟೆಯೆಂದರೆ ಎರಡು ವರ್ಷಕ್ಕೂ ಹೆಚ್ಚು ಕಾಲ. 1,250 ಗಂಟೆಯೆಂದರೆ 52 ದಿನ. ಕಾವು ನಾಲ್ಕು ಮೆಟ್ಟಿಲು ಏರಿತು. ಕಾಲವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯಿತು.

ಭಾರದ ವಿಷಯವೂ ಹೀಗೆಯೇ. ಗುಂಡುಗಳುಳ್ಳ ಬೇರಿಂಗಿನ ಮೇಲೆ ಭಾರವನ್ನು ಇಮ್ಮಡಿಸಿದರೆ ಅದರ ಆಯುಷ್ಯವು ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ. ಏಕೆಂದರೆ ಆಯುಷ್ಯವು ಭಾರದ ಘನಕ್ಕೆ ವಿಲೋಮವಾಗಿರುತ್ತದೆ. ಲೋಹವು ಒಂದೇ ಪೆಟ್ಟಿಗೆ ಮುರಿಯದಿದ್ದರೂ ಸಣ್ಣ ಪೆಟ್ಟುಗಳನ್ನು ಲಕ್ಷಾಂತರ ಸಲ ತಿಂದು ದಣಿದು ಮುರಿಯುತ್ತದೆಂಬುದನ್ನು, ಜರ್ಮನಿಯ ರೈಲ್ವೆ ಇಂಜಿನಿಯರ್ ಆಗಸ್ಟ್ ವೋಲರ್ ಅವರು 19ನೆಯ ಶತಮಾನದ ನಡುಗಾಲದಲ್ಲಿಯೇ ರೈಲುಬಂಡಿಗಳ ಅಚ್ಚುಗಳ ಮೇಲೆ ಪ್ರಯೋಗಿಸಿ ತೋರಿಸಿದ್ದರು. ಇಂದು ಮೋಟಾರನ್ನು ನಡುಗುವ ಮೇಜಿನ ಮೇಲೆ ಬಿಗಿದು, ಗುಂಡಿಬಿದ್ದ ರಸ್ತೆಯ ಕುಲುಕಾಟವನ್ನು ಅದಕ್ಕೆ ದಿನಗಟ್ಟಲೆ ಉಣಿಸುತ್ತಾರೆ. ವಾಹನಗಳನ್ನೂ ಅವುಗಳ ಬಿಡಿಭಾಗಗಳನ್ನೂ ಹೀಗೆ ಪರೀಕ್ಷಿಸುವ ದೊಡ್ಡ ಸಂಸ್ಥೆಯೊಂದು ನಮ್ಮ ನೆರೆಯ ಪುಣೆಯಲ್ಲಿಯೇ ಇದೆ. ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಆ ಸಂಸ್ಥೆ 1966ರಲ್ಲಿ ಸ್ಥಾಪಿತವಾಯಿತು.

ಇಷ್ಟನ್ನು ಕೇಳಿದ ಜಾಣ ವಿದ್ಯಾರ್ಥಿಯು, ‘ಹಾಗಾದರೆ ಕಾವನ್ನು ಇನ್ನಷ್ಟು ಏರಿಸಿ, ಭಾರವನ್ನು ಇನ್ನಷ್ಟು ಹೇರಿ, ಒಂದೇ ದಿನದಲ್ಲಿ ಪರೀಕ್ಷೆಯನ್ನು ಮುಗಿಸಬಾರದೇಕೆ?’ ಎಂದು ಕೇಳಬಹುದು. ಈ ವಿದ್ಯೆಯ ಮರ್ಮವೆಲ್ಲ ಇದರ ಉತ್ತರದಲ್ಲಿದೆ. ದೋಸೆಯ ಹಿಟ್ಟು ಬೇಗ ಹುಳಿಯಲೆಂದು ಬೆಚ್ಚಗಿನ ಮೂಲೆಯಲ್ಲಿಡುವುದು ಸರಿ. ಇನ್ನೂ ಬೇಗ ಹುಳಿಯಲೆಂದು ಪಾತ್ರೆಯನ್ನು ಉರಿಯುವ ಒಲೆಯ ಮೇಲಿಟ್ಟರೆ? ಹಿಟ್ಟು ಹುಳಿಯುವುದಿಲ್ಲ, ಬೇಯುತ್ತದೆ. ಅಲ್ಲಿ ನಡೆದದ್ದು ಅದೇ ಕ್ರಿಯೆ ವೇಗವಾಗಿ ಅಲ್ಲ, ಬೇರೊಂದು ಕ್ರಿಯೆ. ಮೋಟಾರಿನಲ್ಲಿಯೂ ಹಾಗೆಯೇ. ಮಿತಿಮೀರಿ ಕಾಯಿಸಿದರೆ ಲೇಪವು ಮುದಿಯಾಗುವ ಮೊದಲೇ ಕರಕಾಗುತ್ತದೆ. ಗ್ರೀಸು ಗಟ್ಟಿಯಾಗುವ ಬದಲು ಕರಗಿ ಸೋರುತ್ತದೆ. ಬಳಕೆಯಲ್ಲಿ ಎಂದೂ ಕೆಡದ ಪ್ಲಾಸ್ಟಿಕ್ ಭಾಗವೊಂದು ಮೊದಲು ಮೆತ್ತಗಾಗುತ್ತದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯುಂಟಷ್ಟೆ? ದೊಣ್ಣೆಯಿಂದ ಮಡಕೆಯನ್ನು ಒಡೆದವನು ಅದು ಎಷ್ಟು ವರ್ಷ ನೀರು ಹಿಡಿದೀತೆಂಬುದನ್ನು ತಿಳಿದಂತಾಗಲಿಲ್ಲ. ಬಾಳಿನಲ್ಲಿ ಯಾವ ಕಾರಣದಿಂದ ಮೋಟಾರು ಕೆಡುವುದೋ ಅದೇ ಕಾರಣದಿಂದ ಪರೀಕ್ಷೆಯಲ್ಲಿಯೂ ಕೆಡಬೇಕು: ಇದೇ ತ್ವರಿತ ಪರೀಕ್ಷೆಯ ಮೊದಲನೆಯ ನಿಯಮ, ಕೊನೆಯ ನಿಯಮವೂ ಇದೇ. ಅದಕ್ಕಾಗಿಯೇ ಪರೀಕ್ಷೆಯಲ್ಲಿ ಕೆಟ್ಟ ಮೋಟಾರನ್ನೂ ರಸ್ತೆಯಲ್ಲಿ ಕೆಟ್ಟು ಮರಳಿದ ಮೋಟಾರನ್ನೂ ಬಿಚ್ಚಿ, ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಎರಡರ ಗಾಯಗಳೂ ಒಂದೇ ಬಗೆಯವಾದರೆ ಪರೀಕ್ಷೆಯನ್ನು ನಂಬಬಹುದು.

ಒಣಗಿದ ಪ್ರಯೋಗಶಾಲೆಯೂ ಮೋಸಮಾಡಬಲ್ಲದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಹಳ ಎತ್ತರದಲ್ಲಿ ಹಾರುತ್ತಿದ್ದ ವಿಮಾನಗಳಲ್ಲಿ ವಿದ್ಯುದ್ಯಂತ್ರಗಳ ಕಾರ್ಬನ್ ಬ್ರಷ್ಷುಗಳು ವಿಸ್ಮಯವೆನಿಸುವ ವೇಗದಲ್ಲಿ ಪುಡಿಪುಡಿಯಾದವು. ನೆಲದ ಮೇಲೆ ದೀರ್ಘಕಾಲ ಬಾಳುತ್ತಿದ್ದ ಬ್ರಷ್ಷುಗಳೇ ಅವು. ಕಾರಣವನ್ನು ಹುಡುಕಿದಾಗ, ಬ್ರಷ್ಷಿನಲ್ಲಿರುವ ಗ್ರಾಫೈಟು ನುಣುಪಾಗಿ ಜಾರಬೇಕಾದರೆ ಗಾಳಿಯಲ್ಲಿ ಸ್ವಲ್ಪವಾದರೂ ನೀರಾವಿಯಿರಬೇಕೆಂಬುದು ಗೊತ್ತಾಯಿತು. ಮೇಲಣ ಗಾಳಿ ತೀರ ಶುಷ್ಕವಾಗಿತ್ತು. ಬ್ರಷ್ಷಿಗೆ ವಿಶೇಷ ದ್ರವ್ಯಗಳನ್ನು ಸೇರಿಸಿ ಆ ತೊಂದರೆಯನ್ನು ನಿವಾರಿಸಬೇಕಾಯಿತು. ತೇವವು ಯಂತ್ರಕ್ಕೆ ಯಾವಾಗಲೂ ಶತ್ರುವೆಂದು ತಿಳಿದವರಿಗೆ ಇದೊಂದು ಪಾಠ.

ಈಗ ನಮ್ಮ ಮುಂಬಯಿಯ ಮಳೆಗಾಲಕ್ಕೆ ಬರೋಣ. ಇಲ್ಲಿಂದ ಮೂರು ನಿಲ್ದಾಣಗಳಾಚೆಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 2005ರ ಜುಲೈ 26ರ ಮಹಾಮಳೆಯಂದು 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅಂಥ ದಿನ ಅಪರೂಪವೇ ಸರಿ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ದುಡಿದು, ಉಳಿದ ಎಂಟು ತಿಂಗಳು ಸುಮ್ಮನಿರುವುದು ಇಲ್ಲಿನ ಪ್ರತಿಯೊಂದು ವೈಪರ್ ಮೋಟಾರಿನ ಹಣೆಬರಹ. ಆ ಎಂಟು ತಿಂಗಳು ಅದು ವಿಶ್ರಾಂತಿ ಪಡೆಯುತ್ತಿದೆಯೆಂದು ನಾವು ಎಣಿಸುತ್ತೇವೆ. ನಿಜವಾಗಿ ಆಗ ಕಡಲಗಾಳಿಯ ಉಪ್ಪು ಒಳಸೇರುತ್ತಿರುತ್ತದೆ, ಉಕ್ಕಿನ ಅಚ್ಚಿಗೆ ತುಕ್ಕು ಹಿಡಿಯುತ್ತಿರುತ್ತದೆ, ಬಿಸಿಲಿಗೆ ರಬ್ಬರು ಗಡುಸಾಗುತ್ತಿರುತ್ತದೆ, ಬ್ರಷ್ಷು ತನ್ನ ಗೂಡಿನಲ್ಲಿ ಅಂಟಿಕೊಳ್ಳುತ್ತಿರುತ್ತದೆ. ಜೂನಿನ ಮೊದಲ ಮಳೆಗೆ ಗುಂಡಿ ಒತ್ತಿದಾಗ ಮೋಟಾರು ಗೊರಗುಟ್ಟಿ ನಿಲ್ಲುವುದು ದುಡಿದು ದಣಿದುದರಿಂದಲ್ಲ, ಕುಳಿತು ಕೆಟ್ಟುದರಿಂದ. ಈಗ ಹಿಂದಿನ ಲೆಕ್ಕವನ್ನು ನೆನೆಯಿರಿ. 23 ದಿನದ ಪರೀಕ್ಷೆಯಲ್ಲಿ ನಾವು ತೆಗೆದುಹಾಕಿದ್ದು ಯಾವುದನ್ನು? ಈ ವಿರಾಮವನ್ನೇ! ಆ ಪರೀಕ್ಷೆಯಲ್ಲಿ ಗೆದ್ದ ಮೋಟಾರಿಗೆ ಒರಸುವ ಶಕ್ತಿಯಿದೆಯೆಂಬುದು ಸಿದ್ಧವಾಯಿತೇ ಹೊರತು, ಜೋಗೇಶ್ವರಿಯಲ್ಲಿ ಬಾಳುವ ಶಕ್ತಿಯಿದೆಯೆಂಬುದು ಸಿದ್ಧವಾಗಲಿಲ್ಲ.

ಇನ್ನೊಂದು ಸೂಕ್ಷ್ಮವನ್ನು ನೋಡಿರಿ. ದುಡಿದು ಬಿಸಿಯಾದ ಮೋಟಾರಿನ ಒಳಗಿನ ಗಾಳಿ 87 ಡಿಗ್ರಿ ಸೆಲ್ಸಿಯಸ್, ಅಂದರೆ 360 ಕೆಲ್ವಿನ್ ಇದೆಯೆನ್ನೋಣ. ಒಮ್ಮೆಲೆ ಕೊಚ್ಚೆನೀರು ಮೇಲೆ ರಾಚಿ ಅದು 27 ಡಿಗ್ರಿಗೆ, ಅಂದರೆ 300 ಕೆಲ್ವಿನ್ನಿಗೆ ಇಳಿಯಿತು. ಗಾಳಿ ಒಳಗೇ ಬಂಧಿತವಾಗಿದ್ದರೆ ಅದರ ಒತ್ತಡವು ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ. ಹೊರಗಿನ ಒತ್ತಡವೇ ಹೆಚ್ಚಾದುದರಿಂದ, ಸೀಲಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಒಳಕ್ಕೆ ಹೀರಲ್ಪಡುತ್ತದೆ. ಸದಾ ಬಿಸಿಯಾಗಿರುವ ಮೋಟಾರಿಗೂ ಸದಾ ತಣ್ಣಗಿರುವ ಮೋಟಾರಿಗೂ ಈ ಬಾಧೆಯಿಲ್ಲ. ಬಿಸಿ-ತಂಪುಗಳ ನಡುವೆ ತೂಗಾಡುವ ಮೋಟಾರಿಗೆ ಮಾತ್ರ ಇದೆ. ಆದುದರಿಂದ ಕಾಯಿಸುವುದು, ನೀರೆರಚುವುದು, ಒಣಗಿಸುವುದು, ಸುಮ್ಮನಿಡುವುದು ಇವೆಲ್ಲವನ್ನೂ ಸರದಿಯಾಗಿ ಮಾಡುವುದೇ ಒಳ್ಳೆಯ ಪರೀಕ್ಷೆ.

ತುಕ್ಕಿನ ವಿಷಯದಲ್ಲಿಯೂ ಈ ಅನುಭವವೇ ಆಯಿತು. 35 ಡಿಗ್ರಿ ಉಷ್ಣತೆಯ ಪೆಟ್ಟಿಗೆಯಲ್ಲಿ ನೂರಕ್ಕೆ ಐದು ಭಾಗ ಉಪ್ಪುಳ್ಳ ನೀರನ್ನು ಮಂಜಿನಂತೆ ಸತತವಾಗಿ ಸಿಂಪಡಿಸುವ ಪರೀಕ್ಷೆಯೊಂದು ಬಹುಕಾಲದಿಂದ ರೂಢಿಯಲ್ಲಿದೆ. ಲೇಪದ ಗುಣವನ್ನು ಒಂದಕ್ಕೊಂದು ಹೋಲಿಸಲು ಅದು ಉಪಯುಕ್ತವಾದರೂ, ಅದರಲ್ಲಿನ ಇಷ್ಟು ಗಂಟೆ ಹೊರಗಿನ ಇಷ್ಟು ವರ್ಷಕ್ಕೆ ಸಮವೆಂದು ನೇರವಾಗಿ ಹೇಳಲಾಗದು. ಹೊರಗಿನ ಲೋಕದಲ್ಲಿ ಲೋಹವು ನೆನೆಯುತ್ತದೆ, ಒಣಗುತ್ತದೆ, ಮತ್ತೆ ನೆನೆಯುತ್ತದೆ. ಇದನ್ನು ನೀವೇ ಮಾಡಿ ನೋಡಬಹುದು. ಒಂದೇ ಪೊಟ್ಟಣದ ಎರಡು ಕಬ್ಬಿಣದ ಮೊಳೆಗಳನ್ನು ತೆಗೆದುಕೊಳ್ಳಿರಿ. ಒಂದನ್ನು ಉಪ್ಪುನೀರಿನ ಸೀಸೆಯಲ್ಲಿ ಪೂರ್ತಿಯಾಗಿ ಮುಳುಗಿಸಿಡಿರಿ. ಇನ್ನೊಂದನ್ನು ದಿನಕ್ಕೆರಡು ಸಲ ಅದೇ ನೀರಿನಲ್ಲಿ ಅದ್ದಿ ಗಾಳಿಗೆ ಒಣಗಲು ಬಿಡಿರಿ. ಒಂದು ತಿಂಗಳ ಮೇಲೆ ಎರಡನ್ನೂ ಉಜ್ಜಿ ತೊಳೆದು ಹೋಲಿಸಿ, ಕಂಡುದನ್ನು ಬರೆದಿಡಿರಿ.

ಕೊನೆಯದಾಗಿ, ಎಷ್ಟು ಮೋಟಾರುಗಳನ್ನು ಪರೀಕ್ಷಿಸಬೇಕು? ಅನ್ನ ಬೆಂದಿತೋ ಎಂದು ತಿಳಿಯಲು ಒಂದಗುಳನ್ನು ಹಿಸುಕಿದರೆ ಸಾಕು, ಏಕೆಂದರೆ ಪಾತ್ರೆಯ ಅಗುಳುಗಳೆಲ್ಲ ಒಂದೇ ನೀರಿನಲ್ಲಿ ಬೆಂದವು. ಮೋಟಾರುಗಳು ಹಾಗಲ್ಲ, ಒಂದೇ ದಿನ ತಯಾರಾದವುಗಳಲ್ಲಿಯೂ ವ್ಯತ್ಯಾಸವಿರುತ್ತದೆ. ಹತ್ತರಲ್ಲಿ ಒಂದು ಮೋಟಾರು ಬೇಗ ಕೆಡುವಂಥದೆಂದು ಇಟ್ಟುಕೊಳ್ಳಿರಿ. ನೀವು ಹತ್ತನ್ನು ಆರಿಸಿ ಪರೀಕ್ಷಿಸಿದರೆ ಅವೆಲ್ಲ ಒಳ್ಳೆಯವೇ ಆಗಿಬಿಡುವ ಸಂಭವ 0.9ನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ ಸುಮಾರು 35. ನೂರಕ್ಕೆ ಮೂವತ್ತೈದು ಸಲ ನೀವು ಮೋಸಹೋಗುವಿರಿ! ಆ ಸಂಭವವನ್ನು ನೂರಕ್ಕೆ 10ರ ಒಳಗೆ ಇಳಿಸಬೇಕಾದರೆ 22 ಮೋಟಾರುಗಳನ್ನು ಪರೀಕ್ಷಿಸಬೇಕು, ಒಂದೂ ಕೆಡಬಾರದು. ಮೇಲಾಗಿ, ಸರಾಸರಿ ಆಯುಷ್ಯವು ತಯಾರಕನಿಗೆ ಸಮಾಧಾನ ಕೊಡಬಹುದು. ರಿಕ್ಷಾದವನ ಬಳಿ ಇರುವುದು ಒಂದೇ ಮೋಟಾರು. ಅದಕ್ಕಾಗಿ ಬೇರಿಂಗು ತಯಾರಿಸುವವರು ಸರಾಸರಿಯನ್ನು ಹೇಳದೆ, ನೂರರಲ್ಲಿ 90 ಬೇರಿಂಗುಗಳು ದಾಟಿ ಬಾಳುವ ಅವಧಿಯನ್ನು ಹೇಳುವ ವಾಡಿಕೆಯುಂಟು. ದುರ್ಬಲವಾದುದನ್ನು ಗಮನದಲ್ಲಿಟ್ಟುಕೊಂಡು ಹೇಳುವ ಮಾತು ಅದು.

ಇಂದಿನ ವಿದ್ಯುತ್ ಸ್ಕೂಟರುಗಳನ್ನು ಓಡಿಸುವ ಮೋಟಾರುಗಳಲ್ಲಿ ಸಾಮಾನ್ಯವಾಗಿ ಬ್ರಷ್ಷುಗಳೇ ಇರುವುದಿಲ್ಲ. ಅವುಗಳ ಕೆಲಸವನ್ನು ಎಲೆಕ್ಟ್ರಾನಿಕ್ ಸಾಧನಗಳು ಮಾಡುತ್ತವೆ. ಬ್ರಷ್ಷು ಹೋದರೂ ಲೇಪ, ಬೇರಿಂಗು, ಸೀಲುಗಳ ಮುಪ್ಪು ಹೋಗಲಿಲ್ಲ. ಯಂತ್ರ ಹೊಸದಾದಂತೆ ಅದು ಕೆಡುವ ಬಗೆಯೂ ಹೊಸದಾಗುತ್ತದೆ. ಆದುದರಿಂದ ಈ ವಿದ್ಯೆಯನ್ನು ಅರಿತವರ ಅಗತ್ಯ ಮುಂದೆಯೂ ಇದೆ. ನಿಮ್ಮಲ್ಲಿ ಯಾರಾದರೂ ಐ.ಟಿ.ಐ.ಯಲ್ಲಿಯೋ ಇಂಜಿನಿಯರಿಂಗ್ ಕಾಲೇಜಿನಲ್ಲಿಯೋ ಕಲಿತು ನಾಳೆ ಇಂಥ ಪ್ರಯೋಗಶಾಲೆಯಲ್ಲಿ ನಿಲ್ಲುವಿರಾದರೆ, ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಹಿರಿಯರ ಮಾತನ್ನು ಮರೆಯಬೇಡಿರಿ. ಅವಸರವನ್ನೇ ಕಸುಬಾಗಿ ಮಾಡಿಕೊಂಡವರಿಗೆ ಆ ಮಾತು ಎಲ್ಲರಿಗಿಂತ ಹೆಚ್ಚು ಸಲ್ಲುತ್ತದೆ. ಪರೀಕ್ಷೆಯ ದಾಖಲೆಯಲ್ಲಿ ‘ಇಷ್ಟು ದಿನ ನಡೆಸಿದೆವು, ಕೆಡಲಿಲ್ಲ’ ಎಂದು ಬರೆದ ಮೇಲೆ, ‘ಇಂತಿಂಥದನ್ನು ಬಿಟ್ಟೆವು’ ಎಂಬ ಇನ್ನೊಂದು ಸಾಲನ್ನೂ ಬರೆಯಿರಿ. ಮಳೆಯಲ್ಲಿ ವಾಹನ ನಡೆಸುವವನ ಕ್ಷೇಮವು ಆ ಎರಡನೆಯ ಸಾಲಿನಲ್ಲಿರುತ್ತದೆ.